ವಾಸ್ತುಶಿಲ್ಪಿಯಾಗಲು ಸಿದ್ಧತೆ

ಭಾರತದಲ್ಲಿ ‘ಆರ್ಕಿಟೆಕ್ಟ್’ ಎಂಬ ಹೆಸರನ್ನು ಇಷ್ಟಬಂದವರೆಲ್ಲ ಫಲಕದ ಮೇಲೆ ಬರೆಸಿಕೊಳ್ಳುವಂತಿಲ್ಲ. ಸಂಸತ್ತು 1972ರಲ್ಲಿ ಅಂಗೀಕರಿಸಿದ ವಾಸ್ತುಶಿಲ್ಪಿಗಳ ಅಧಿನಿಯಮದ ಪ್ರಕಾರ, ಮಾನ್ಯತೆ ಪಡೆದ ವಿದ್ಯಾರ್ಹತೆಯನ್ನು ಹೊಂದಿ, ಅದೇ ಕಾನೂನಿನ ಅಡಿಯಲ್ಲಿ ರಚಿತವಾದ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ, ಅಂದರೆ ವಾಸ್ತುಶಿಲ್ಪ ಪರಿಷತ್ತಿನಲ್ಲಿ, ಹೆಸರು ನೋಂದಾಯಿಸಿಕೊಂಡ ವ್ಯಕ್ತಿಗೆ ಮಾತ್ರ ಆ ಬಿರುದನ್ನು ಬಳಸುವ ಹಕ್ಕಿದೆ. ಮನೆಯ ನಕ್ಷೆ ತಯಾರಿಸುವುದು, ಕಟ್ಟಡದ ಮೇಲ್ವಿಚಾರಣೆ ನಡೆಸುವುದು ಇತ್ಯಾದಿ ಕೆಲಸಗಳನ್ನು ಇತರರು ಮಾಡಬಾರದೆಂದು ಈ ಕಾನೂನು ಹೇಳುವುದಿಲ್ಲ. ಅದು ಕಾಪಾಡುವುದು ಹೆಸರನ್ನು. 2020ರ ಮಾರ್ಚ್ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದೇ ಅರ್ಥವನ್ನು ಸ್ಪಷ್ಟಪಡಿಸಿತು. ನೋಂದಣಿ ಇಲ್ಲದವರು ವಿನ್ಯಾಸದ ಕೆಲಸ ಮಾಡುವುದಕ್ಕೆ ಈ ಅಧಿನಿಯಮದಲ್ಲಿ ಅಡ್ಡಿಯಿಲ್ಲ, ಆದರೆ ನೋಂದಣಿ ಇಲ್ಲದವರನ್ನು ‘ಆರ್ಕಿಟೆಕ್ಟ್’ ಎಂಬ ಹೆಸರಿನ ಹುದ್ದೆಯಲ್ಲಿ ಕೂರಿಸುವಂತಿಲ್ಲ ಎಂಬುದು ಆ ತೀರ್ಪಿನ ಸಾರ.

ವೃತ್ತಿಯ ಬಗೆಗೆ ಮಾತನಾಡುವ ಮೊದಲು ಕಾನೂನಿನ ಮಾತನ್ನೆತ್ತಲು ಕಾರಣವಿದೆ. ಐದು ವರ್ಷ ಓದಿ, ಸಾಲ ಮಾಡಿ ಶುಲ್ಕ ಕಟ್ಟಿ, ಕೊನೆಗೆ ತಾನು ಓದಿದ ಕೋರ್ಸಿಗೆ ಪರಿಷತ್ತಿನ ಮಾನ್ಯತೆಯೇ ಇಲ್ಲವೆಂದು ತಿಳಿದುಬಂದರೆ ವಿದ್ಯಾರ್ಥಿಯು ಕೈಯಲ್ಲಿ ಪದವಿ ಪತ್ರವಿದ್ದೂ ವಾಸ್ತುಶಿಲ್ಪಿಯಾಗಲಾರ. ಇನ್ನೊಂದು ಬಾಗಿಲು ಇದಕ್ಕೂ ಮೊದಲೇ ಮುಚ್ಚಿಕೊಳ್ಳುತ್ತದೆ. ‘ಚಿತ್ರ ಚೆನ್ನಾಗಿ ಬರೆಯುತ್ತಾಳೆ, ಲೆಕ್ಕ ಅಷ್ಟಕ್ಕಷ್ಟೆ, ಆದ್ದರಿಂದ ಆರ್ಕಿಟೆಕ್ಚರ್ ಓದಲಿ’ ಎಂದು ಹನ್ನೊಂದನೆಯ ತರಗತಿಯಲ್ಲಿ ಮಗಳಿಗೆ ಗಣಿತ ಬಿಡಿಸುವ ತಂದೆ ತಾಯಿಯರು ಅನೇಕರಿದ್ದಾರೆ. ಉದ್ದೇಶ ಒಳ್ಳೆಯದೇ. ಆದರೆ ಗಣಿತವಿಲ್ಲದೆ ಬಿ.ಆರ್ಕ್. ಪದವಿಗೆ ಪ್ರವೇಶವಿಲ್ಲ.

ಕೆಲಸದ ಸ್ವರೂಪ

ಕನ್ನಡದಲ್ಲಿ ‘ವಾಸ್ತು’ ಎಂದೊಡನೆ ಬಾಗಿಲು ಯಾವ ದಿಕ್ಕಿಗಿರಬೇಕು, ಅಡಿಗೆಮನೆ ಯಾವ ಮೂಲೆಯಲ್ಲಿರಬೇಕು ಎಂಬ ಪ್ರಶ್ನೆಗಳೇ ಮೊದಲು ನೆನಪಿಗೆ ಬರುತ್ತವೆ. ಇಲ್ಲಿ ಹೇಳುತ್ತಿರುವ ವೃತ್ತಿ ಅದಲ್ಲ. ಕಟ್ಟಡದ ಭಾರವನ್ನು ಕಂಬ, ತೊಲೆ, ತಳಪಾಯಗಳು ಹೊರುವಂತೆ ಲೆಕ್ಕ ಹಾಕುವವರು ಸಿವಿಲ್ ಎಂಜಿನಿಯರುಗಳು. ಅದನ್ನು ಕಟ್ಟಿಸಿಕೊಡುವವರು ಗುತ್ತಿಗೆದಾರರು. ಕೈಯಾರೆ ಕಟ್ಟುವವರು ಮೇಸ್ತ್ರಿಗಳು, ಗಾರೆ ಕೆಲಸದವರು, ಬಡಗಿಗಳು. ಯಾರಿಗಾಗಿ ಕಟ್ಟಬೇಕು, ಎಲ್ಲಿ, ಎಷ್ಟು ಹಣದಲ್ಲಿ, ಯಾವ ವಸ್ತುವಿನಿಂದ, ಗಾಳಿ ಬೆಳಕು ಎತ್ತಣಿಂದ, ಜನರು ಒಳಬರುವುದು ಹೊರಹೋಗುವುದು ಹೇಗೆ ಎಂಬುದನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಯೋಚಿಸಿ, ಅದನ್ನು ಉಳಿದವರೆಲ್ಲ ಓದಬಲ್ಲ ನಕ್ಷೆಗಳಾಗಿ ಮಾಡಿ, ಕೆಲಸ ಮುಗಿಯುವವರೆಗೆ ನೋಡಿಕೊಳ್ಳುವುದು ವಾಸ್ತುಶಿಲ್ಪಿಯ ಹೊಣೆ. ಕಟ್ಟಡದ ಅಂದಚೆಂದವೂ ಅದರೊಳಗೆ ಸೇರಿದೆ. ಆದರೆ ಅದಷ್ಟೇ ಅಲ್ಲ.

1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಸಂಭವಿಸಿದ ಬೆಂಕಿ ಅನಾಹುತದಲ್ಲಿ 59 ಮಂದಿ ಮಡಿದರು. ಅವರಲ್ಲಿ ಬಹುತೇಕರು ಬೆಂಕಿಯಿಂದ ಸುಟ್ಟು ಸತ್ತವರಲ್ಲ. ಬಾಲ್ಕನಿಯಿಂದ ಹೊರಬರಲಾಗದೆ ಹೊಗೆಯಲ್ಲಿ ಉಸಿರುಗಟ್ಟಿದವರು. ಹೆಚ್ಚುವರಿ ಆಸನಗಳನ್ನು ಹಾಕಲೆಂದು ಅಲ್ಲಿನ ಒಂದು ಪಾರ್ಶ್ವದ ಓಡಾಟದ ದಾರಿಯನ್ನೇ ಮುಚ್ಚಲಾಗಿತ್ತು. 2010ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡಾಗಲೂ ತಪ್ಪಿಸಿಕೊಳ್ಳುವ ದಾರಿಯ ಪ್ರಶ್ನೆಯೇ ಮುಂದೆ ಬಂತು. ನಕ್ಷೆಯ ಮೇಲೆ ಒಂದು ಮೆಟ್ಟಿಲಸಾಲು, ಒಂದು ಬಾಗಿಲು, ಒಂದು ಓಣಿ ಕೇವಲ ಗೆರೆಗಳಾಗಿ ಕಾಣುತ್ತವೆ. ಆ ಗೆರೆಗಳನ್ನು ಎಳೆಯುವವನಿಗೂ, ಆಮೇಲೆ ಅಳಿಸಲು ಒತ್ತಾಯಿಸುವ ಮಾಲೀಕನಿಗೆ ಆಗದೆಂದು ಹೇಳಬೇಕಾದವನಿಗೂ ಅವುಗಳ ಬೆಲೆ ತಿಳಿದಿರಬೇಕು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಸುತ್ತಮುತ್ತ ಸಂಭವಿಸಿದ ಭೂಕಂಪದಲ್ಲಿ ಸಾವಿರಾರು ಜನ ಮಲಗಿದಲ್ಲೇ ಮಡಿದರು. ಅಲ್ಲಿನ ಮನೆಗಳ ಗೋಡೆಗಳು ಬಹಳ ದಪ್ಪ. ಮೇಲೆ ದಪ್ಪನೆಯ ಮಣ್ಣಿನ ಮಾಳಿಗೆ. ಬೇಸಗೆಯಲ್ಲಿ ತಂಪು ಕೊಡುತ್ತಿದ್ದ ಆ ಭಾರವೇ, ಕಲ್ಲುಗಳನ್ನು ಹಿಡಿದಿದ್ದುದು ಬರಿಯ ಮಣ್ಣಿನ ಗಾರೆಯಾಗಿದ್ದುದರಿಂದ, ಮೈಮೇಲೆ ಕುಸಿಯಿತು. ಗಡಿಯ ಈಚೆಗೆ ಬೀದರ್, ಕಲಬುರಗಿ ಜಿಲ್ಲೆಗಳಲ್ಲಿಯೂ ಅಂಥದೇ ಮಾಳಿಗೆ ಮನೆಗಳು ಇವೆ. ಹಿರಿಯರು ಕಂಡುಕೊಂಡ ಒಳ್ಳೆಯದನ್ನು ಉಳಿಸಿಕೊಂಡು ಅದರ ಅಪಾಯವನ್ನು ಕಳೆಯುವುದು ಹೇಗೆಂಬುದು ವಾಸ್ತುಶಿಲ್ಪಿಯು ಎಂಜಿನಿಯರನ ಜೊತೆ ಕುಳಿತು ಬಿಡಿಸಬೇಕಾದ ಸಮಸ್ಯೆ.

ಶಾಲೆಯ ದಿನಗಳಲ್ಲಿ

ಇಂಥ ಕೆಲಸಕ್ಕೆ ಸಿದ್ಧತೆಯನ್ನು ಪ್ರವೇಶ ಪರೀಕ್ಷೆಯ ಅರ್ಜಿ ತುಂಬಿದ ಮೇಲೆ ಆರಂಭಿಸುವುದು ತಡವಾಯಿತೆಂದೇ ಹೇಳಬೇಕು. ಎಂಟು, ಒಂಬತ್ತನೆಯ ತರಗತಿಯಲ್ಲಿಯೇ ಆರಂಭಿಸಬಹುದಾದ ಅಭ್ಯಾಸಗಳಿವೆ. ಅವುಗಳಿಗೆ ಹಣ ಬೇಕಿಲ್ಲ.

ಮೊದಲನೆಯದು, ವಾಸಿಸುವ ಮನೆಯನ್ನೇ ಅಳೆದು ಬರೆಯುವುದು. ಮುಂಬಯಿಯ ಚಾಳಿನ ಒಂದು ಕೋಣೆಯಾದರೂ ಸರಿ, ದೆಹಲಿಯ ಸರ್ಕಾರಿ ವಸತಿಗೃಹವಾದರೂ ಸರಿ. ಟೇಪು ಹಿಡಿದು ಗೋಡೆಯ ಉದ್ದ, ದಪ್ಪ, ಬಾಗಿಲಿನ ಅಗಲ, ಕಿಟಕಿಯ ಎತ್ತರಗಳನ್ನು ಅಳೆದು, ಒಂದು ಮೀಟರಿಗೆ ಎರಡು ಸೆಂಟಿಮೀಟರ್ ಎಂಬ ಪ್ರಮಾಣದಲ್ಲಿ ಚೌಕುಳಿ ಹಾಳೆಯ ಮೇಲೆ ಬರೆಯಬೇಕು. ಮೊದಲ ಬಾರಿ ಬರೆದಾಗ ಕೋಣೆಗಳು ಒಂದಕ್ಕೊಂದು ಹೊಂದುವುದೇ ಇಲ್ಲ. ಗೋಡೆಯ ದಪ್ಪವನ್ನು ಮರೆತಿರುವುದೇ ಸಾಮಾನ್ಯವಾಗಿ ಅದಕ್ಕೆ ಕಾರಣ. ಮೂರನೆಯ ಬಾರಿಗೆ ಹೊಂದುತ್ತವೆ. ಅಷ್ಟರಲ್ಲಿ ಹತ್ತಡಿಯ ಕೋಣೆಯೊಂದರಲ್ಲಿ ಐದು ಜನ ಹೇಗೆ ಮಲಗುತ್ತಾರೆ, ಹಾಸಿಗೆ ಹಗಲಿನಲ್ಲಿ ಎಲ್ಲಿಗೆ ಹೋಗುತ್ತದೆ, ನೀರಿನ ಹಂಡೆ ಅಲ್ಲೇ ಏಕಿದೆ ಎಂಬುದು ಮನಸ್ಸಿಗೆ ಬಂದಿರುತ್ತದೆ.

ರಜೆಗೆ ಊರಿಗೆ ಹೋದಾಗ ಇದೇ ಕೆಲಸವನ್ನು ಅಜ್ಜನ ಮನೆಯಲ್ಲಿ ಮಾಡಬಹುದು. ಮಲೆನಾಡಿನ ಮನೆಯ ಮಾಡು ಕಡಿದಾಗಿ ಇಳಿದಿರುತ್ತದೆ. ಸೂರು ಗೋಡೆಯಿಂದ ಬಹಳ ಮುಂದಕ್ಕೆ ಚಾಚಿರುತ್ತದೆ. ತಿಂಗಳುಗಟ್ಟಲೆ ಸುರಿಯುವ ಮಳೆಯಲ್ಲಿ ಮಣ್ಣಿನ ಗೋಡೆ ಉಳಿಯಬೇಕಾದರೆ ಹಾಗಲ್ಲದೆ ಬೇರೆ ದಾರಿಯಿಲ್ಲ. ವಿಜಯಪುರ, ಕಲಬುರಗಿಗಳ ಕಡೆ ಮಳೆ ಕಡಿಮೆ, ಬಿಸಿಲು ಹೆಚ್ಚು. ಅಲ್ಲಿ ಮಾಳಿಗೆ ಚಪ್ಪಟೆ, ಕಿಟಕಿ ಚಿಕ್ಕದು, ಗೋಡೆ ದಪ್ಪ. ಬೇಸಗೆಯ ರಾತ್ರಿ ಜನ ಮಾಳಿಗೆಯ ಮೇಲೆ ಮಲಗುತ್ತಾರೆ. ತೊಟ್ಟಿಮನೆಯ ನಡುವಿನ ತೊಟ್ಟಿಯು ಬೆಳಕನ್ನು ಮನೆಯ ಹೊಟ್ಟೆಯೊಳಕ್ಕೆ ತರುತ್ತದೆ. ಬಿಸಿಗಾಳಿಯನ್ನು ಮೇಲಕ್ಕೆ ಬಿಡುತ್ತದೆ. ಇದೆಲ್ಲವನ್ನೂ ಪುಸ್ತಕದಲ್ಲಿ ಓದುವುದಕ್ಕಿಂತ ತಾನೇ ಅಳೆದು ಬರೆದ ವಿದ್ಯಾರ್ಥಿಗೆ ಕಾಲೇಜಿನ ಮೊದಲ ವರ್ಷದಲ್ಲಿ ಆಗುವ ಅನುಕೂಲ ಬಹಳ.

ಗಣಿತ ಏಕೆ ಬೇಕೆಂಬುದಕ್ಕೆ ಮೆಟ್ಟಿಲು ಒಳ್ಳೆಯ ಉದಾಹರಣೆ. ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ 3 ಮೀಟರ್ ಎತ್ತರವಿದೆ ಎಂದಿಟ್ಟುಕೊಳ್ಳೋಣ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಕಟ್ಟಡದಲ್ಲಿ ಒಂದು ಮೆಟ್ಟಿಲಿನ ಎತ್ತರ 19 ಸೆಂ.ಮೀ.ಗಳನ್ನು ಮೀರಬಾರದು, ಪಾದ ಊರುವ ಅಗಲ 25 ಸೆಂ.ಮೀ.ಗಳಿಗೆ ಕಡಿಮೆಯಾಗಬಾರದು. 15 ಏರುಗಳನ್ನು ಮಾಡಿದರೆ ಒಂದೊಂದೂ 20 ಸೆಂ.ಮೀ. ಆಗಿ ಮಿತಿ ಮೀರುತ್ತದೆ. ಆದ್ದರಿಂದ 16 ಏರುಗಳು ಬೇಕು, ಒಂದೊಂದೂ 18.75 ಸೆಂ.ಮೀ. ನಡುವೆ ಒಂದು ತಿರುವು ಕೊಟ್ಟು ಎಂಟೆಂಟು ಏರುಗಳ ಎರಡು ಸಾಲು ಮಾಡಿದರೆ ಪ್ರತಿ ಸಾಲಿಗೂ ಏಳು ಅಗಲಗಳು, ಅಂದರೆ 175 ಸೆಂ.ಮೀ. ಉದ್ದ. ಸಾಲಿನ ಅಗಲ 1 ಮೀಟರ್ ಆದರೆ ತಿರುವಿನ ಕಟ್ಟೆಗೂ ಅಷ್ಟೇ ಬೇಕು. ಒಟ್ಟು 2 ಮೀಟರ್ ಅಗಲ, 2.75 ಮೀಟರ್ ಉದ್ದದ ಜಾಗ ಮೆಟ್ಟಿಲಿಗೇ ಹೋಯಿತು. ಕೆಳಗೆ ಹತ್ತಲು ನಿಲ್ಲುವ ಜಾಗ ಬೇರೆ. ಒಂದು ಸಣ್ಣ ಕೋಣೆಯಷ್ಟು ಜಾಗವದು. ಮನೆಯ ನಕ್ಷೆ ಬರೆದು ಮುಗಿಸಿದ ಮೇಲೆ ಉಳಿದ ಮೂಲೆಯಲ್ಲಿ ಮೆಟ್ಟಿಲನ್ನು ತುರುಕುವವರ ಮನೆಗಳಲ್ಲಿ ಮುದುಕರು ಗೋಡೆ ಹಿಡಿದು ಅಡ್ಡಡ್ಡ ಇಳಿಯುವುದು ಏಕೆಂದು ಇದರಿಂದ ತಿಳಿಯುತ್ತದೆ.

ಗಾಲಿಕುರ್ಚಿಯಲ್ಲಿ ಬರುವವರಿಗೆ ಬೇಕಾಗುವ ಇಳಿಜಾರಿನ ಲೆಕ್ಕವೂ ಹೀಗೆಯೇ. 12 ಅಳತೆ ಮುಂದೆ ಹೋದಾಗ 1 ಅಳತೆ ಏರಬೇಕೆಂಬುದು ಒಪ್ಪಿತವಾದ ಪ್ರಮಾಣ. ಪಾಯದ ಕಟ್ಟಡ ರಸ್ತೆಗಿಂತ 45 ಸೆಂ.ಮೀ. ಎತ್ತರದಲ್ಲಿದ್ದರೆ 5.4 ಮೀಟರ್ ಉದ್ದದ ಇಳಿಜಾರು ಬೇಕು. ಮೂವತ್ತು ನಲವತ್ತರ ನಿವೇಶನದಲ್ಲಿ ಇದನ್ನು ಮೊದಲೇ ಯೋಚಿಸಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇನ್ನು ಬಿಸಿಲಿನ ಲೆಕ್ಕ. ದೆಹಲಿಯ ಅಕ್ಷಾಂಶ ಸುಮಾರು 28.6 ಡಿಗ್ರಿ. ಡಿಸೆಂಬರ್ 21ರ ಸುಮಾರಿಗೆ ನಡುಹಗಲಿನಲ್ಲಿ ಸೂರ್ಯ ದಕ್ಷಿಣ ದಿಗಂತದಿಂದ ಸುಮಾರು 38 ಡಿಗ್ರಿ ಮಾತ್ರ ಮೇಲಿರುತ್ತಾನೆ; ಜೂನ್ 21ರ ಸುಮಾರಿಗೆ 85 ಡಿಗ್ರಿ, ಅಂದರೆ ಹೆಚ್ಚುಕಡಿಮೆ ನೆತ್ತಿಯ ಮೇಲೆ. ದಕ್ಷಿಣದ ಕಿಟಕಿಯ ಮೇಲಂಚಿನಲ್ಲಿ 60 ಸೆಂ.ಮೀ. ಮುಂಚಾಚಿದ ಸಜ್ಜವಿದ್ದರೆ, 120 ಸೆಂ.ಮೀ. ಎತ್ತರದ ಆ ಕಿಟಕಿ ಜೂನ್ ನಡುಹಗಲಿನಲ್ಲಿ ಪೂರ್ತಿ ನೆರಳಿನಲ್ಲಿರುತ್ತದೆ. ಡಿಸೆಂಬರಿನಲ್ಲಿ ಸಜ್ಜದ ನೆರಳು 47 ಸೆಂ.ಮೀ. ಮಾತ್ರ ಬಿದ್ದು, ಉಳಿದ 73 ಸೆಂ.ಮೀ.ಗಳಲ್ಲಿ ಎಳೆಬಿಸಿಲು ಒಳಬರುತ್ತದೆ. ದೆಹಲಿಯ ಚಳಿಯಲ್ಲಿ ಅದು ಬೇಕಾದದ್ದೇ. ಚೆನ್ನೈ, ಬೆಂಗಳೂರುಗಳು 13 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಜೂನ್ ತಿಂಗಳ ನಡುಹಗಲಿನ ಸೂರ್ಯ ಅಲ್ಲಿ ಉತ್ತರಕ್ಕಿರುತ್ತಾನೆ. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿಯೂ ಸ್ವಲ್ಪ ಮಟ್ಟಿಗೆ ಹಾಗೆಯೇ. ದೆಹಲಿಯ ಮನೆಯ ನಕ್ಷೆಯನ್ನು ತಂದು ಚೆನ್ನೈಯಲ್ಲಿ ಕಟ್ಟಿದರೆ ಏನಾಗುತ್ತದೆಂಬುದನ್ನು ಓದುಗರೇ ಊಹಿಸಬಹುದು. ಹತ್ತನೆಯ ತರಗತಿಯ ತ್ರಿಕೋನಮಿತಿಗೆ ಮೀರಿದ್ದು ಇದರಲ್ಲಿ ಏನೂ ಇಲ್ಲ.

ಚಿತ್ರಕಲೆಯ ವಿಷಯದಲ್ಲಿ ಒಂದು ತಪ್ಪು ಕಲ್ಪನೆಯನ್ನು ಬಿಡಬೇಕು. ಬಣ್ಣದ ಸೊಗಸಾದ ನಿಸರ್ಗದೃಶ್ಯಗಳನ್ನು ಬರೆಯಬಲ್ಲವರಿಗೆ ಮಾತ್ರ ಈ ವೃತ್ತಿ ಎಂದೇನಿಲ್ಲ. ಕಂಡದ್ದನ್ನು ಪ್ರಮಾಣ ಕೆಡದಂತೆ, ಹತ್ತಿರದ್ದು ದೊಡ್ಡದಾಗಿ ದೂರದ್ದು ಚಿಕ್ಕದಾಗಿ, ಪೆನ್ಸಿಲಿನಲ್ಲಿ ಬೇಗ ಬರೆಯಬಲ್ಲ ಕೈ ಬೇಕು. ರೈಲು ನಿಲ್ದಾಣದ ಬೆಂಚು, ದೇವಸ್ಥಾನದ ಕಂಬ, ತರಕಾರಿ ಮಾರುಕಟ್ಟೆಯ ಮಾಡು, ಯಾವುದಾದರೂ ಆದೀತು. ದಿನಕ್ಕೆ ಒಂದು, ಹದಿನೈದು ನಿಮಿಷ ಸಾಕು. ಈಗ ಕಾಲೇಜುಗಳಲ್ಲಿಯೂ ಕಚೇರಿಗಳಲ್ಲಿಯೂ ನಕ್ಷೆಗಳು ಕಂಪ್ಯೂಟರಿನಲ್ಲೇ ಸಿದ್ಧವಾಗುತ್ತವೆ, ನಿಜ. ಆದರೆ ಮೊದಲ ಯೋಚನೆಯನ್ನು ಮೇಸ್ತ್ರಿಗೆ ಅಲ್ಲಿಯೇ ಗೋಡೆಯ ಮೇಲೆ ಬರೆದು ತೋರಿಸಬೇಕಾಗಿ ಬರುವ ದಿನ ಕಂಪ್ಯೂಟರು ಜೊತೆಗಿರುವುದಿಲ್ಲ.

ಪ್ರವೇಶ

ಬಿ.ಆರ್ಕ್. ಪದವಿಯ ಅವಧಿ ಐದು ವರ್ಷ. ಹನ್ನೆರಡನೆಯ ತರಗತಿ ಅಥವಾ ದ್ವಿತೀಯ ಪಿ.ಯು.ಸಿ.ಯಲ್ಲಿ ಗಣಿತ ಹಾಗೂ ಭೌತಶಾಸ್ತ್ರ ಓದಿರಬೇಕು. ಗಣಿತವನ್ನೊಳಗೊಂಡ ಮೂರು ವರ್ಷದ ಡಿಪ್ಲೊಮಾ ಮುಗಿಸಿದವರಿಗೂ ಅವಕಾಶವಿದೆ. ಪಡೆದಿರಬೇಕಾದ ಕನಿಷ್ಠ ಅಂಕ, ಮೂರನೆಯ ವಿಷಯವಾಗಿ ಏನಿರಬಹುದು ಎಂಬ ನಿಯಮಗಳು ಇತ್ತೀಚಿನ ವರ್ಷಗಳಲ್ಲಿ ಬದಲಾಗಿರುವುದರಿಂದ, ಹಿಂದಿನ ವರ್ಷ ಸೇರಿದವರ ಮಾತನ್ನು ನಂಬದೆ ಆ ವರ್ಷದ ಅಧಿಕೃತ ಮಾಹಿತಿ ಪುಸ್ತಿಕೆಯನ್ನೇ ನೋಡಬೇಕು.

ಇದರ ಜೊತೆಗೆ ಅಭಿರುಚಿ ಪರೀಕ್ಷೆ ಕಡ್ಡಾಯ. ಪರಿಷತ್ತು 2006ರಿಂದ ನಡೆಸುತ್ತಿರುವ ‘ನಾಟಾ’ ಪರೀಕ್ಷೆ ಒಂದು. ದೇಶದ ಹೆಚ್ಚಿನ ಖಾಸಗಿ ಕಾಲೇಜುಗಳೂ ಅನೇಕ ರಾಜ್ಯಗಳ ಪ್ರವೇಶ ವ್ಯವಸ್ಥೆಗಳೂ ಇದರ ಅಂಕವನ್ನು ಪರಿಗಣಿಸುತ್ತವೆ. ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಗಳು ಹಾಗೂ ದೆಹಲಿ, ಭೋಪಾಲ, ವಿಜಯವಾಡಗಳ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆಗಳಿಗೆ ಸೇರಬಯಸುವವರು ಜೆ.ಇ.ಇ. ಮುಖ್ಯ ಪರೀಕ್ಷೆಯಲ್ಲಿ ವಾಸ್ತುಶಿಲ್ಪಕ್ಕೆಂದೇ ಇರುವ ಪತ್ರಿಕೆಯನ್ನು ಬರೆಯಬೇಕು. ಅದರಲ್ಲಿ ಗಣಿತ, ಅಭಿರುಚಿ, ರೇಖಾಚಿತ್ರ ಎಂಬ ಮೂರು ಭಾಗಗಳಿವೆ. ರೇಖಾಚಿತ್ರವನ್ನು ಕಾಗದದ ಮೇಲೆ ಬರೆಯಬೇಕು. ಖರಗ್‌ಪುರ, ರೂರ್ಕಿ, ವಾರಾಣಸಿಗಳ ಐ.ಐ.ಟಿ.ಗಳಲ್ಲಿ ಓದಬಯಸುವವರು ಜೆ.ಇ.ಇ. ಅಡ್ವಾನ್ಸ್‌ಡ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಅನಂತರ ಪ್ರತ್ಯೇಕ ಅಭಿರುಚಿ ಪರೀಕ್ಷೆಯನ್ನು ಎದುರಿಸಬೇಕಾಗುತ್ತದೆ.

ಹೊರರಾಜ್ಯಗಳಲ್ಲಿ ನೆಲೆಸಿದ ಕನ್ನಡಿಗರು ಗಮನಿಸಬೇಕಾದ ಎರಡು ಸಂಗತಿಗಳಿವೆ. ಜೆ.ಇ.ಇ. ಮುಖ್ಯ ಪರೀಕ್ಷೆಯನ್ನು 2021ರಿಂದ ಕನ್ನಡವೂ ಸೇರಿದಂತೆ 13 ಭಾಷೆಗಳಲ್ಲಿ ನಡೆಸಲಾಗುತ್ತಿದೆ. ಆದರೆ ಪ್ರಾದೇಶಿಕ ಭಾಷೆಯ ಪ್ರಶ್ನಪತ್ರಿಕೆಯನ್ನು ಆಯಾ ಭಾಷೆಯ ರಾಜ್ಯದ ಕೇಂದ್ರಗಳಿಗೆ ಸೀಮಿತಗೊಳಿಸಲಾಗಿದೆ. ಪುಣೆಯಲ್ಲಿ ಓದಿದ ವಿದ್ಯಾರ್ಥಿಗೆ ಕನ್ನಡದ ಪತ್ರಿಕೆ ಬೇಕಾದರೆ ಬೆಳಗಾವಿಯಂಥ ಕರ್ನಾಟಕದ ಕೇಂದ್ರವನ್ನು ಆರಿಸಿಕೊಳ್ಳಬೇಕಾಗುತ್ತದೆ. ಅನುವಾದದಲ್ಲಿ ಸಂದೇಹ ಬಂದರೆ ಇಂಗ್ಲಿಷ್ ಪಾಠವೇ ಅಂತಿಮವೆಂಬುದೂ ನೆನಪಿರಬೇಕು.

ಎರಡನೆಯದು, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರವೇಶ ನಿಯಮಗಳಲ್ಲಿ ಹೊರನಾಡು ಕನ್ನಡಿಗರಿಗೆ ಒಂದು ಅವಕಾಶವಿದೆ. ಕರ್ನಾಟಕದ ಹೊರಗೆ, ಭಾರತದೊಳಗೆ ವಾಸಿಸುವ ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯ ಅಭ್ಯರ್ಥಿಗಳು ಇದರಡಿ ಅರ್ಜಿ ಸಲ್ಲಿಸಬಹುದು. ಅವರು ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಮನೆಯಲ್ಲಿ ಕನ್ನಡ ಮಾತನಾಡುತ್ತಿದ್ದರೂ ಶಾಲೆಯಲ್ಲಿ ಮರಾಠಿ, ತಮಿಳು, ಹಿಂದಿಗಳನ್ನು ಕಲಿತ ಮಕ್ಕಳು ಕನ್ನಡ ಓದಲು ಬರೆಯಲು ತಿಳಿಯದೆ ಈ ಹಂತದಲ್ಲಿ ತೊಡಕಿಗೆ ಸಿಲುಕುತ್ತಾರೆ. ಅಕ್ಷರಾಭ್ಯಾಸಕ್ಕೆ ಪರೀಕ್ಷೆಯ ಹಿಂದಿನ ವಾರ ಸಾಲದು. ಲಭ್ಯವಿರುವ ಸ್ಥಾನಗಳು ಕಡಿಮೆ. ಯಾವ ಕೋರ್ಸಿಗೆ ಎಷ್ಟು, ಯಾವ ಪ್ರಮಾಣಪತ್ರ ಬೇಕು ಎಂಬುದು ಆ ವರ್ಷದ ಪ್ರಕಟಣೆಯಲ್ಲಿರುತ್ತದೆ.

ಐದು ವರ್ಷಗಳು

ಮುಂಬಯಿಯ ಸರ್ ಜೆ.ಜೆ. ವಾಸ್ತುಶಿಲ್ಪ ಕಾಲೇಜು, 1857ರಲ್ಲಿ ಸ್ಥಾಪಿತವಾದ ಜೆ.ಜೆ. ಕಲಾಶಾಲೆಯಿಂದ ಬೆಳೆದು ಬಂದ, ಈ ವಿದ್ಯೆಯ ಅತಿ ಹಳೆಯ ಕೇಂದ್ರಗಳಲ್ಲೊಂದು. ದೆಹಲಿಯ ಶಾಲೆಯ ಮೂಲ 1941ರಷ್ಟು ಹಿಂದಿನದು. ಚೆನ್ನೈಯ ಅಣ್ಣಾ ವಿಶ್ವವಿದ್ಯಾಲಯದಲ್ಲಿ, ಹೈದರಾಬಾದಿನ ಜವಾಹರಲಾಲ್ ನೆಹರೂ ವಾಸ್ತುಶಿಲ್ಪ ಮತ್ತು ಲಲಿತಕಲಾ ವಿಶ್ವವಿದ್ಯಾಲಯದಲ್ಲಿ ಸರ್ಕಾರಿ ಶುಲ್ಕದಲ್ಲಿ ಓದುವ ಅವಕಾಶವಿದೆ. ಖಾಸಗಿ ಕಾಲೇಜುಗಳ ಶುಲ್ಕ ಇದಕ್ಕಿಂತ ಬಹಳ ಹೆಚ್ಚು. ಸೇರುವ ಮೊದಲು ಆ ಕಾಲೇಜಿನ ಹೆಸರು ಪರಿಷತ್ತು ಪ್ರಕಟಿಸುವ ಪಟ್ಟಿಯಲ್ಲಿ ಆ ವರ್ಷಕ್ಕೆ ಇದೆಯೇ, ಎಷ್ಟು ಸ್ಥಾನಗಳಿಗೆ ಅನುಮತಿಯಿದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ‘ಮಾನ್ಯತೆ ಬರಲಿದೆ’ ಎಂಬ ಭರವಸೆಯನ್ನು ಮಾನ್ಯತೆಯೆಂದು ತಿಳಿಯಬಾರದು. ಒಳಾಂಗಣ ಅಲಂಕಾರದ ಡಿಪ್ಲೊಮಾಗಳು ಉಪಯುಕ್ತವೇ, ಆದರೆ ಅವು ನೋಂದಣಿಗೆ ಅರ್ಹತೆಯಲ್ಲ.

ಓದಿನ ಕೇಂದ್ರ ಸ್ಟುಡಿಯೋ. ವಿದ್ಯಾರ್ಥಿಗೆ ಒಂದು ಸಮಸ್ಯೆ ಕೊಡಲಾಗುತ್ತದೆ. ಮೊದಲ ವರ್ಷ ಬಸ್ ತಂಗುದಾಣವಿರಬಹುದು, ನಾಲ್ಕನೆಯ ವರ್ಷ ಆಸ್ಪತ್ರೆ. ವಾರಗಟ್ಟಲೆ ದುಡಿದು ತಂದ ನಕ್ಷೆ ಹಾಗೂ ರಟ್ಟಿನ ಮಾದರಿಗಳನ್ನು ಅಧ್ಯಾಪಕರು ಎಲ್ಲರೆದುರಿಗೆ ಪರಿಶೀಲಿಸುತ್ತಾರೆ. ತಪ್ಪನ್ನು ಮುಖಕ್ಕೆ ಹೇಳುತ್ತಾರೆ. ಬೋರ್ಡ್ ಪರೀಕ್ಷೆಯಲ್ಲಿ ಸರಿಯುತ್ತರ ಬರೆದು ಬಂದ ಮಕ್ಕಳಿಗೆ, ಒಂದೇ ಪ್ರಶ್ನೆಗೆ ನಲವತ್ತು ಉತ್ತರಗಳಿರುವ ಈ ಪದ್ಧತಿ ಮೊದಲ ವರ್ಷ ಕಂಗೆಡಿಸುತ್ತದೆ. ರಾತ್ರಿ ನಿದ್ದೆಗೆಡುವುದನ್ನೇ ದೊಡ್ಡಸ್ತಿಕೆಯೆಂದು ಹೇಳಿಕೊಳ್ಳುವ ರೂಢಿ ಕಾಲೇಜುಗಳಲ್ಲಿದೆ, ಅದನ್ನು ಅನುಸರಿಸಬೇಕಾದ್ದಿಲ್ಲ. ರಚನಾಶಾಸ್ತ್ರ, ಕಟ್ಟಡ ಸಾಮಗ್ರಿ, ನೀರು ಮತ್ತು ವಿದ್ಯುತ್ ವ್ಯವಸ್ಥೆ, ವಾಸ್ತುಶಿಲ್ಪದ ಇತಿಹಾಸ, ಅಂದಾಜು ಪಟ್ಟಿ, ಕಟ್ಟಡ ಕಾನೂನುಗಳು ಜೊತೆಜೊತೆಗೆ ಸಾಗುತ್ತವೆ. ಕೊನೆಯ ಹಂತದಲ್ಲಿ ಒಂದು ಅವಧಿಯನ್ನು ಅನುಭವಿ ವಾಸ್ತುಶಿಲ್ಪಿಯ ಕಚೇರಿಯಲ್ಲಿ ತರಬೇತಿಗೆಂದು ಕಳೆಯಬೇಕು. ಕಟ್ಟಡ ನಡೆಯುವ ಸ್ಥಳಕ್ಕೆ ಕಳುಹಿಸುವ ಕಚೇರಿಯನ್ನು ಆರಿಸಿಕೊಂಡವರಿಗೆ ಲಾಭ ಹೆಚ್ಚು. ರಸಮಟ್ಟವನ್ನು ಹೇಗೆ ಹಿಡಿಯಬೇಕು, ತೂಗುಗುಂಡು ಗೋಡೆಯ ಬಗೆಗೆ ಏನು ಹೇಳುತ್ತದೆ ಎಂಬುದನ್ನು ಮೇಸ್ತ್ರಿಯಿಂದ ಕಲಿಯಲು ಸಂಕೋಚಪಡುವವರು ಮುಂದೆ ಅದೇ ಮೇಸ್ತ್ರಿಯ ಕೆಲಸವನ್ನು ಪರೀಕ್ಷಿಸಲಾರರು.

ಪದವಿಯ ನಂತರ

ಪುಣೆಯಲ್ಲಿ 1927ರಲ್ಲಿ ಜನಿಸಿ ಜೆ.ಜೆ.ಯಲ್ಲಿ ಓದಿದ ಬಾಲಕೃಷ್ಣ ದೋಶಿಯವರು ಬೆಂಗಳೂರಿನ ಐ.ಐ.ಎಂ.ನ ಕಲ್ಲುಗೋಡೆಗಳ, ನೆರಳು ಬೆಳಕಿನ ಉದ್ದನೆಯ ಓಣಿಗಳ ವಿನ್ಯಾಸಕಾರರು. ಇಂದೋರಿನಲ್ಲಿ ಬಡವರಿಗಾಗಿ ಅರಣ್ಯ ಬಡಾವಣೆಯನ್ನು ರೂಪಿಸಿದವರೂ ಅವರೇ. 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯರೆನಿಸಿದಾಗ ಅವರಿಗೆ ತೊಂಬತ್ತು ವರ್ಷ. ಈ ವೃತ್ತಿಯಲ್ಲಿ ಹೆಸರು ನಿಧಾನವಾಗಿ ಬರುತ್ತದೆ. ಹಣವೂ ಬಹುಮಟ್ಟಿಗೆ ಹಾಗೆಯೇ. ಮೊದಲ ಕೆಲವು ವರ್ಷ ಕಚೇರಿಗಳಲ್ಲಿ ಸಿಗುವ ಸಂಬಳ, ಐದು ವರ್ಷದ ಓದು ಹಾಗೂ ಅದರ ಖರ್ಚಿಗೆ ಹೋಲಿಸಿದರೆ, ಕಡಿಮೆಯೆಂದೇ ಹೆಚ್ಚಿನವರಿಗೆ ಅನಿಸುತ್ತದೆ. ಶಿಕ್ಷಣ ಸಾಲ ಮಾಡುವ ಕುಟುಂಬಗಳು ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ವಿವೇಕ.

ಸ್ವಂತ ಕಚೇರಿಯೊಂದೇ ದಾರಿಯಲ್ಲ. ಕೇಂದ್ರ ಲೋಕೋಪಯೋಗಿ ಇಲಾಖೆಯಲ್ಲಿ ವಾಸ್ತುಶಿಲ್ಪಿಗಳ ಪ್ರತ್ಯೇಕ ವಿಭಾಗವಿದೆ. ಅಲ್ಲಿನ ಉಪ ವಾಸ್ತುಶಿಲ್ಪಿಗಳಂಥ ಹುದ್ದೆಗಳಿಗೆ ಕೇಂದ್ರ ಲೋಕಸೇವಾ ಆಯೋಗವು ನೇಮಕ ನಡೆಸುತ್ತದೆ. ರೈಲ್ವೆ, ರಾಜ್ಯಗಳ ಲೋಕೋಪಯೋಗಿ ಇಲಾಖೆಗಳು, ಗೃಹ ಮಂಡಳಿಗಳು, ನಗರಾಭಿವೃದ್ಧಿ ಪ್ರಾಧಿಕಾರಗಳಲ್ಲಿಯೂ ಅವಕಾಶಗಳುಂಟು. ಸ್ನಾತಕೋತ್ತರ ಮಟ್ಟದಲ್ಲಿ ನಗರ ಯೋಜನೆ, ನಗರ ವಿನ್ಯಾಸ, ಭೂದೃಶ್ಯ ವಿನ್ಯಾಸ, ಪಾರಂಪರಿಕ ಕಟ್ಟಡಗಳ ಸಂರಕ್ಷಣೆ ಮುಂತಾದವನ್ನು ವಿಶೇಷವಾಗಿ ಅಭ್ಯಸಿಸಬಹುದು. ಹಂಪೆ, ಬಾದಾಮಿಗಳ ನಾಡಿನಲ್ಲಿ ಕೊನೆಯದಕ್ಕೆ ಕೆಲಸ ಬಹಳಷ್ಟಿದೆ. ಅದನ್ನು ಓದುವವರು ಕಡಿಮೆ.

ಪದವಿ ಕೈಗೆ ಬಂದ ಕೂಡಲೇ ಪರಿಷತ್ತಿಗೆ ಅರ್ಜಿ ಸಲ್ಲಿಸಿ ನೋಂದಣಿ ಸಂಖ್ಯೆ ಪಡೆಯಬೇಕು. ವಿದೇಶದಲ್ಲಿ ಓದಿದವರು ತಮ್ಮ ಪದವಿಗೆ ಇಲ್ಲಿ ಮಾನ್ಯತೆ ಇದೆಯೇ ಎಂಬುದನ್ನು ಹೊರಡುವ ಮೊದಲೇ ವಿಚಾರಿಸಿಕೊಂಡಿರಬೇಕು. ನೋಂದಣಿಯು ಒಮ್ಮೆ ಮಾಡಿಸಿದರೆ ಬಾಳಿಡೀ ಇರುವಂಥದಲ್ಲ. ಅದನ್ನು ಕಾಲಕಾಲಕ್ಕೆ ಶುಲ್ಕ ಕಟ್ಟಿ ನವೀಕರಿಸಬೇಕು. ನವೀಕರಣ ತಪ್ಪಿದರೆ ಹೆಸರು ದಾಖಲೆಯಿಂದ ಹೋಗುತ್ತದೆ, ಮತ್ತು ಹೆಸರು ಹೋದ ದಿನದಿಂದ ಕಚೇರಿಯ ಫಲಕದ ಮೇಲಿನ ‘ಆರ್ಕಿಟೆಕ್ಟ್’ ಎಂಬ ಪದವನ್ನೂ ತೆಗೆಯಬೇಕಾಗುತ್ತದೆ.